ಮುಖಪುಟದಲ್ಲಿ 1938 ಅಂತಿದೆ, ಇದು ಮೊದಲ ಮುದ್ರಣವೇ?

ಪ್ರಶ್ನೆ: ಹಳೇ ಪುಸ್ತಕಗಳ ಕಟ್ಟೊಂದರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ಸಿಕ್ಕಿದೆ. ಸೂಪರ್‌ಮ್ಯಾನ್ ಕಾರು ಎತ್ತಿ ಹಿಡಿದಿರುವ ಚಿತ್ರ, ಜೂನ್ 1938, ಬೆಲೆ 10 ಸೆಂಟ್. ಜೊತೆಗೆ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಪ್ರತಿಗಳೂ ಒಂದಷ್ಟಿವೆ. ಇವು ಮೊದಲ ಮುದ್ರಣವೇ ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು ಒಂದು ಸ್ಕೇಲು ತಗೊಂಡು ಅಳೆಯಿರಿ. 1938ರ ಪ್ರತಿಯ ಅಗಲ 8 ಇಂಚಿನ ಒಳಗೆ, ಎತ್ತರ 10 ಇಂಚು ಚಿಲ್ಲರೆ. ನಿಮ್ಮ ಪ್ರತಿಯ ಅಗಲವೇ 10 ಇಂಚು, ಎತ್ತರ ಹದಿಮೂರರ ಮೇಲೆ ಬಂದರೆ ಅದು 1974ರಲ್ಲಿ ಡಿಸಿ ಕಂಪನಿ ತಂದ ‘ಫೇಮಸ್ ಫಸ್ಟ್ ಎಡಿಷನ್’ ಮರುಮುದ್ರಣ. ಅದಕ್ಕೆ ಹೊರಗೊಂದು ದಪ್ಪ ಹೊದಿಕೆ ಇತ್ತು. ಅದನ್ನು ಕಿತ್ತುಬಿಟ್ಟರೆ ಒಳಗೆ ಹಳೇ ಮುಖಪುಟ ಹಾಗ್ಹಾಗೇ ಕಾಣುತ್ತದೆ, ತಾರೀಖು, ಬೆಲೆ ಸಮೇತ. ಹಾಗೆ ಕಿತ್ತು ಅಸಲಿ ಅಂತ ಮಾರಿದವರೂ ಇದ್ದಾರೆ. ನನಗೆ ತುಂಬಾ ಬೇಜಾರು ತರಿಸುವ ಮೋಸ ಇದು.

ಅಳತೆ ಸರಿಹೊಂದಿದರೂ ಅಲ್ಲಿಗೇ ನಿಲ್ಲಬೇಡಿ, ಮಾಮೂಲಿ ಸೈಜಿನ ಮರುಮುದ್ರಣಗಳೂ ಬಂದಿವೆ. ಒಳಪುಟದ ಕಾಗದ ನೋಡಿ. ಆಗಿನದು ನ್ಯೂಸ್‌ಪ್ರಿಂಟ್, ಇಷ್ಟು ವರ್ಷದಲ್ಲಿ ಅಂಚು ಕಂದಿರಲೇಬೇಕು. ಬೆಳ್ಳಗೆ, ನುಣ್ಣಗೆ ಇದ್ದರೆ ಅನುಮಾನ ಪಡಿ.

ಇನ್ನು ಕ್ಲಾಸಿಕ್ಸ್. ಇವನ್ನು ಪತ್ತೆ ಮಾಡೋದೇ ನನಗೆ ಜಾಸ್ತಿ ಇಷ್ಟ. 1941ರಲ್ಲಿ ‘ಕ್ಲಾಸಿಕ್ ಕಾಮಿಕ್ಸ್’ ಅಂತ ಶುರುವಾದ ಮಾಲೆ ಇದು, 1947ರಲ್ಲಿ ಹೆಸರು ಬದಲಾಯಿತು. ಒಂದೇ ಸಂಚಿಕೆಯನ್ನು ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ಎಷ್ಟೋ ಸಲ ಒಳಗಿನ ತಾರೀಖನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ತಾರೀಖು ಬಿಡಿ, ಅಂಚೆಯಲ್ಲಿ ತರಿಸಿಕೊಳ್ಳಲು ಹಳೇ ಸಂಚಿಕೆಗಳ ಪಟ್ಟಿ ಹಾಕಿರುತ್ತಾರಲ್ಲ, ಅದನ್ನು ಹುಡುಕಿ. ಹೆಚ್ಚಾಗಿ ಹಿಂಬದಿ ರಟ್ಟಿನಲ್ಲಿರುತ್ತದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರ್ ಯಾವುದು? ನಿಮ್ಮ ಕೈಲಿರುವುದು 1ನೇ ಸಂಚಿಕೆ, ಪಟ್ಟಿ ಮಾತ್ರ 169ರ ತನಕ ಇದೆ ಅಂದ್ಕೊಳ್ಳಿ. 1941ರಲ್ಲಿ ಅಚ್ಚಾದ ಪುಸ್ತಕಕ್ಕೆ 169ನೇ ಸಂಚಿಕೆಯ ಸುದ್ದಿ ಗೊತ್ತಿರೋಕೆ ಸಾಧ್ಯವೇ ಇಲ್ಲ, ಅಲ್ವಾ? ಪಟ್ಟಿಯ ಕೊನೆಯ ನಂಬರ್ ಸಂಚಿಕೆಯ ನಂಬರಿಗೆ ಹತ್ತಿರದಲ್ಲಿದ್ದರೆ ಆಸೆ ಇಟ್ಟುಕೊಳ್ಳಬಹುದು. ಒಳಗೆ ‘ಮುಂದಿನ ಸಂಚಿಕೆ’ ಅಂತ ಸರಿಯಾಗಿ ಅದರ ಮುಂದಿನ ನಂಬರಿನ ಜಾಹೀರಾತೂ ಇದ್ದರೆ ಇನ್ನೂ ಒಳ್ಳೆಯದು. 15 ಸೆಂಟ್ ಬೆಲೆ ಬಂದದ್ದು 1951ರಲ್ಲಿ. ನಲವತ್ತರ ದಶಕದ ಸಂಚಿಕೆಯ ಮೇಲೆ ಆ ಬೆಲೆ ಕಂಡರೆ ಅದು ಮರುಮುದ್ರಣವೇ.

ಪ್ರಶ್ನೆ: ‘ಸೆಕೆಂಡ್ ಪ್ರಿಂಟಿಂಗ್’ ಅಂತ ಎಲ್ಲೂ ಬರೆದಿಲ್ಲ ಅಂದರೆ ಅದು ಮೊದಲ ಮುದ್ರಣ ಅಂತ ಅರ್ಥವೇ?

ಉತ್ತರ: ಇಲ್ಲ. ಬರೆದಿದ್ದರೆ ನಂಬಿ. ಬರೆದಿಲ್ಲ ಅಂದರೆ ಇನ್ನೂ ಹುಡುಕಿ. ಮಾರ್ವೆಲ್ ಕಂಪನಿಯ 1977ರ ‘ಸ್ಟಾರ್ ವಾರ್ಸ್’ ಮೊದಲ ಸಂಚಿಕೆಯ ಮರುಮುದ್ರಣಗಳಲ್ಲಿ ‘ರೀಪ್ರಿಂಟ್’ ಅನ್ನುವ ಪದವೇ ಇರುತ್ತದೆ. ಆದರೆ 1966ರಲ್ಲಿ ಗ್ರಾಮಫೋನ್ ರೆಕಾರ್ಡಿನ ಜೊತೆ ಕೊಟ್ಟ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಮೊದಲ ಸಂಚಿಕೆಯಲ್ಲಿ ಗಮನಿಸಬೇಕಾದ್ದು ಮುಖಪುಟದಲ್ಲಿ ಇಲ್ಲದಿರುವುದನ್ನು. ಅಸಲಿಯ ಮೇಲೆ 12 ಸೆಂಟ್ ಅಂತ ಇರುತ್ತದೆ, ಇದರಲ್ಲಿ ಬೆಲೆಯೇ ಇಲ್ಲ. 1988ರ ಬ್ಯಾಟ್‌ಮ್ಯಾನ್ ಕಾಮಿಕ್ಸ್ ‘ದಿ ಕಿಲ್ಲಿಂಗ್ ಜೋಕ್’ಗೆ ಬಣ್ಣವೇ ಗುರುತು: ಮುಖಪುಟದ ಹೆಸರು ಹಸಿರಿನಲ್ಲಿದ್ದರೆ ಮೊದಲ ಮುದ್ರಣ.

ಪರೀಕ್ಷೆ ಮಾಡೋಕೆ ಅಂತ ಪಿನ್ನು ಮಾತ್ರ ಬಿಚ್ಚಬೇಡಿ. ತುಕ್ಕು ಹಿಡಿದ ಪಿನ್ನು ಎಳೆದರೆ ನಡುಹಾಳೆ ಹರಿದೇ ಹೋಗುತ್ತದೆ.