ಸಂಚಕಾರ ಕೊಡುವ ಮೊದಲು ನೀರು ಎಲ್ಲಿಂದ ಬರುತ್ತೆ ನೋಡಿ

ಪ್ರಶ್ನೆ: ಧಾರವಾಡದ ಕೆಲಗೇರಿ ಕಡೆ ಒಂದು ಮನೆ ನೋಡಿದ್ದೇವೆ. ಇಳಿಜಾರಿನ ಜಾಗ, ರಸ್ತೆಯಿಂದ ಒಂದೇ ಅಂತಸ್ತು ಕಾಣುತ್ತೆ, ಹಿಂದಿನಿಂದ ಎರಡು. ಕೆಳಗಿನ ಎರಡು ಕೋಣೆಗಳ ಒಂದು ಗೋಡೆ ಪೂರ್ತಿ ಮಣ್ಣಿಗೆ ಆತುಕೊಂಡಿದೆ. ಅಲ್ಲಿ ಮೊಣಕಾಲೆತ್ತರಕ್ಕೆ ಕಪ್ಪು ಬೂಷ್ಟು, ಕೋಣೆ ತುಂಬ ಮುಗ್ಗಲು ವಾಸನೆ. ಈ ಏಪ್ರಿಲ್ ಬಿಸಿಲಲ್ಲೂ ಗೋಡೆ ಮುಟ್ಟಿದರೆ ಕೈಗೆ ಹಸಿ ಹತ್ತುತ್ತೆ. ಮಾಲೀಕರು "ಮಳಿಗಾಲದಾಗ ಒಂಚೂರು ಥಂಡಿ ಹಿಡೀತದ್ರಿ, ಪೇಂಟ್ ಹೊಡದ್ರ ಹೋಗತದ" ಅನ್ನುತ್ತಾರೆ. ಅಂಥದ್ದೇ ಬೇರೆ ಮನೆಗಿಂತ ಆರೇಳು ಲಕ್ಷ ಕಡಿಮೆಗೆ ಕೊಡುತ್ತಾರೆ. ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ಸಾಲಕ್ಕೆ ಒಪ್ಪಿದ್ದಾರೆ. ಕೆಳಗಿನ ಕೋಣೆ ಮಕ್ಕಳ ಓದಿಗೆ ಅಂದುಕೊಂಡಿದ್ದೆವು. ಅತ್ತೆಯವರಿಗೆ ದಮ್ಮು ಇದೆ. ಬಸವ ಜಯಂತಿಗೆ ಸಂಚಕಾರ ಕೊಡಿ ಅಂತ ಅವಸರ ಮಾಡುತ್ತಿದ್ದಾರೆ. ಕೊಳ್ಳೋಣವೇ, ಬಿಡೋಣವೇ?
ಓದುಗಿ, ಧಾರವಾಡ

ಉತ್ತರ: ಬಸವ ಜಯಂತಿಗೆ ಸಂಚಕಾರ ಕೊಡಬೇಡಿ. ಮನೆ ಬಿಟ್ಟುಬಿಡಿ ಅಂತ ಈಗಲೇ ಹೇಳೋದಿಲ್ಲ, ಆದರೆ ಆ ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಒಂದು ರೂಪಾಯಿ ಕೂಡ ಕೈಬಿಡಬೇಡಿ.

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಬೂಷ್ಟಿನದಲ್ಲ, ಏಪ್ರಿಲ್‌ನದು. ಮಾಲೀಕರು ಮಳೆಗಾಲದ ಥಂಡಿ ಅನ್ನುತ್ತಾರೆ. ಮಳೆ ನಿಂತು ನಾಲ್ಕೈದು ತಿಂಗಳಾಗಿದೆ, ನಡುವೆ ಒಂದೆರಡು ಅಡ್ಡಮಳೆ ಆಗಿರಬಹುದು ಅಷ್ಟೇ. ಧಾರವಾಡದ ಇಳಿಜಾರುಗಳಲ್ಲಿ ಹೆಚ್ಚಾಗಿ ಕೆಂಪು ಮಣ್ಣು, ಗರಸು. ನೀರು ಹಿಡಿದಿಟ್ಟುಕೊಳ್ಳುವ ಮಣ್ಣಲ್ಲ ಅದು. ಅಲ್ಲಿ ಏಪ್ರಿಲ್‌ನಲ್ಲೂ ಗೋಡೆ ಒಸರುತ್ತಿದೆ ಅಂದರೆ ದಿನಾ ಎಲ್ಲಿಂದಲೋ ನೀರು ಸೇರುತ್ತಿದೆ. ನನ್ನ ಮೊದಲ ಅನುಮಾನ ಸಂಪಿನ ಮೇಲೆ. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರು ವಾರಗಟ್ಟಲೆ ಬರದೆ ಇದ್ದ ಕಾಲದಲ್ಲಿ ಎಲ್ಲರೂ ದೊಡ್ಡ ದೊಡ್ಡ ಸಂಪು ಕಟ್ಟಿಸಿಕೊಂಡರು, ಅದೂ ರಸ್ತೆಯ ಕಡೆ, ಗೇಟಿನ ಹತ್ತಿರ. ನಿಮ್ಮ ಮನೆಯಲ್ಲಿ ಮಣ್ಣಿಗೆ ಆತುಕೊಂಡ ಗೋಡೆ ಇರೋದೂ ರಸ್ತೆಯ ಕಡೆಯೇ, ಅಲ್ವಾ?

ನೋಡೋದು ಕಷ್ಟವಿಲ್ಲ. ರಾತ್ರಿ ಸಂಪು ತುಂಬಿಸಿ, ನೀರು ಒಳಬರುವ ವಾಲ್ವ್, ಮೋಟಾರು ಎರಡೂ ಬಂದ್ ಮಾಡಿಸಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಮರುದಿನ ರಾತ್ರಿ ನೋಡಿ. ಗುರುತಿಗಿಂತ ಬೆರಳಷ್ಟು ಇಳಿದಿದ್ದರೂ ಸಂಪು ಸೋರುತ್ತಿದೆ. ಹಾಗಾದರೆ ಒಂದರ್ಥದಲ್ಲಿ ನಿಮಗೆ ಒಳ್ಳೆಯದೇ, ಯಾಕೆಂದರೆ ಸಂಪು ರಿಪೇರಿ ಆಗುವ ಕೆಲಸ. ಮಟ್ಟ ಇಳಿದಿಲ್ಲ ಅಂದರೆ ಮೇಲಿನ ಬಚ್ಚಲು, ಪಾಯಖಾನೆ ಪೈಪು, ರಸ್ತೆಯ ನಳದ ಪೈಪು, ಒಳಚರಂಡಿ, ಪಕ್ಕದ ಮನೆಯ ಸಂಪು ಇವನ್ನೆಲ್ಲ ಒಂದೊಂದಾಗಿ ನೋಡಬೇಕು. ಬಚ್ಚಲಿಗೆ ಬಣ್ಣ ಕಲಸಿದ ನೀರು ಸುರಿದು ಗೋಡೆಯಲ್ಲಿ ಬಣ್ಣ ಕಾಣುತ್ತಾ ಅಂತ ಕಾದು ನೋಡುವುದೂ ಒಂದು ದಾರಿ.

ಇನ್ನೊಂದು ಪರೀಕ್ಷೆ. ಬೂಷ್ಟು ಇರುವ ಗೋಡೆಯ ಮೇಲೆ ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈ, ಅಂದರೆ ಗೋಡೆಯ ಕಡೆ ಹನಿಗಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯಲ್ಲಿನ ತೇವ ತಣ್ಣನೆ ಗೋಡೆಗೆ ಹತ್ತುತ್ತಿದೆ. ಅದಕ್ಕೆ ಕಿಟಕಿ, ಎಕ್ಸಾಸ್ಟ್ ಫ್ಯಾನು ಸಾಕಾಗಬಹುದು. ನೀವು ಬರೆದದ್ದು ನೋಡಿದರೆ ಮೊದಲನೆಯದೇ ಅನ್ನಿಸುತ್ತೆ.

ಪೇಂಟ್ ಮಾತು ಮಾತ್ರ ನಂಬಲೇಬೇಡಿ. ಹಿಂದಿನಿಂದ ನೀರು ಒತ್ತುತ್ತಿದ್ದರೆ ಒಳಗಡೆ ಹಚ್ಚಿದ ಯಾವ ಪೇಂಟೂ, ಯಾವ ವಾಟರ್‌ಪ್ರೂಫಿಂಗ್ ಬಣ್ಣವೂ ಹೆಚ್ಚು ದಿನ ನಿಲ್ಲೋದಿಲ್ಲ, ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚಿ ಬೀಳುತ್ತೆ. ಸರಿಯಾದ ಕೆಲಸ ಆಗಬೇಕಾದದ್ದು ಹೊರಗಡೆ. ಗೋಡೆಯ ಹೊರಮೈಗೆ ಪಾಯದವರೆಗೆ ಅಗೆದು, ಅಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿ, ಬುಡದಲ್ಲಿ ತೂತಿನ ಪೈಪು ಹಾಕಿ ಸುತ್ತ ಜಲ್ಲಿ ತುಂಬಿ, ಆ ಪೈಪನ್ನು ಇಳಿಜಾರಿನ ಕೆಳಕ್ಕೆ ಒಯ್ದು ಬಿಡಬೇಕು. ಇಲ್ಲಿ ನಿಮ್ಮ ಜಾಗಕ್ಕೆ ಒಂದು ಅನುಕೂಲ ಇದೆ. ಸಪಾಟು ಜಾಗದ ನೆಲಮಾಳಿಗೆಗೆ ಆ ನೀರು ಎತ್ತಲು ಪಂಪು ಬೇಕು, ಕರೆಂಟು ಹೋದರೆ ಅದೂ ನಿಂತಿತು. ಇಳಿಜಾರಿನಲ್ಲಿ ನೀರು ತಾನೇ ಹರಿದು ಹೋಗುತ್ತೆ. ಆದರೆ ಅಗೆಯಲು ಗೋಡೆಯ ಹೊರಗೆ ನಿಮ್ಮದೇ ಜಾಗ ಇರಬೇಕು. ಗೋಡೆ ರಸ್ತೆಗೋ ಪಕ್ಕದವರ ಹದ್ದಿಗೋ ತಾಗಿದ್ದರೆ ಯಾರೂ ಅಗೆಯಲು ಬಿಡೋದಿಲ್ಲ, ಆಗ ಈ ತೇವ ಮನೆ ಇರುವವರೆಗೂ ಇರುತ್ತೆ. ಟೇಪು ಹಿಡಿದು ಅಳೆದು ನೋಡಿ.

ಮಾಳಿಗೆಯ ನೀರು ಎಲ್ಲಿ ಬೀಳುತ್ತೆ ಅಂತಲೂ ನೋಡಿ. ಸಾವಿರ ಚದರಡಿ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಅದು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಮಳೆಗಾಲದ ತೇವಕ್ಕೆ ಬೇರೆ ಕಾರಣ ಹುಡುಕೋದೇ ಬೇಡ.

ಇದಕ್ಕಿಂತ ದೊಡ್ಡ ಚಿಂತೆ ಕಬ್ಬಿಣದ್ದು. ಕೆಳಗಿನ ಕಂಬ, ತೊಲೆಗಳ ಮೇಲೆ ಕಂದು ಕಲೆ ಇದೆಯಾ, ಉದ್ದಕ್ಕೆ ಬಿರುಕು ಬಿಟ್ಟಿದೆಯಾ, ತಟ್ಟಿದರೆ ಟೊಳ್ಳು ಸದ್ದು ಬರುತ್ತಾ ನೋಡಿ. ಒಳಗಿನ ಸರಳು ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತೆ. ಅದು ಶುರುವಾಗಿದ್ದರೆ ಹತ್ತು ಲಕ್ಷ ಕಡಿಮೆ ಮಾಡಿದರೂ ಆ ಮನೆ ಬೇಡ. ಬ್ಯಾಂಕಿನವರು ನೋಡಿದ್ದಾರಲ್ಲ ಅಂತ ಸುಮ್ನಿರಬೇಡಿ. ಅವರು ನೋಡೋದು ಸಾಲಕ್ಕೆ ಮನೆಯ ಬೆಲೆ ಸಾಕಾ ಅಂತ. ನಿಮ್ಮ ಪರವಾಗಿ ನೋಡಲು ನೀವೇ ದುಡ್ಡು ಕೊಟ್ಟು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದುಕೊಂಡು ಹೋಗಿ.

ಅತ್ತೆಯವರ ಬಗ್ಗೆ ಬರೆದಿದ್ದೀರಿ, ಅದನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಂದು ಮಾರ್ಗಸೂಚಿ ತಂದಿದೆ. ಅಂಥ ಮನೆಗಳಲ್ಲಿ ಇರುವವರಿಗೆ ದಮ್ಮು, ಉಸಿರಾಟದ ತೊಂದರೆ ಜಾಸ್ತಿ ಅಂತ ಅದು ಹೇಳುತ್ತೆ. ಅವರು ಮೇಲೆ ಮಲಗುತ್ತಾರೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಕೆಳಗಿನ ಗಾಳಿ ಮೆಟ್ಟಿಲ ದಾರಿಯಲ್ಲಿ ಮೇಲಕ್ಕೂ ಬರುತ್ತೆ. ಮಕ್ಕಳೂ ಅಷ್ಟೇ, ಗೋಡೆ ಒಣಗುವವರೆಗೆ ಅಲ್ಲಿ ಕೂತು ಓದುವುದು ಬೇಡ. ನೀರು ನಿಂತ ಮೇಲೆ ಬೂಷ್ಟು ಹಿಡಿದ ಗಿಲಾವು ಕಿತ್ತು ಹೊಸದು ಮಾಡಿಸಿ. ಕೀಳುವವರು ಮಾಸ್ಕ್ ಹಾಕಿಕೊಳ್ಳಲಿ.

ಕಾನೂನಿನ ಒಂದು ಮಾತು. ಆಸ್ತಿ ವರ್ಗಾವಣೆ ಕಾಯ್ದೆ, 1882ರ 55ನೇ ಕಲಂ ಪ್ರಕಾರ ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಆದರೆ ಅದು ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಕಾಣದ ದೋಷಕ್ಕೆ ಮಾತ್ರ. ನೀವು ಬೂಷ್ಟು ಕಣ್ಣಾರೆ ಕಂಡಿದ್ದೀರಿ. ನಾಳೆ ಕೋರ್ಟಿನಲ್ಲಿ ಗೊತ್ತಿರಲಿಲ್ಲ ಅನ್ನಲು ಬರೋದಿಲ್ಲ. ಹಾಗಾಗಿ ಏನಿದ್ದರೂ ಸಂಚಕಾರ ಪತ್ರದಲ್ಲೇ ಬರೆಸಿ: ಯಾವ ರಿಪೇರಿ, ಯಾರ ಖರ್ಚು, ಆಗದಿದ್ದರೆ ಸಂಚಕಾರ ವಾಪಸ್. ಕೆಳಗಿನ ಕೋಣೆಗಳು ಪಾಲಿಕೆ ಒಪ್ಪಿದ ನಕ್ಷೆಯಲ್ಲಿ ಇವೆಯಾ ಅಂತಲೂ ನೋಡಿ.

ಸಂಪೇ ಕಾರಣ, ಕಬ್ಬಿಣ ಗಟ್ಟಿಯಿದೆ ಅಂದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ ಮನೆ ಕೊಳ್ಳಿ, ಹೆದರಬೇಡಿ. ಕಾರಣ ಸಿಗದಿದ್ದರೆ ಜುಲೈವರೆಗೆ ಕಾಯಿರಿ. ಮಿರಗ, ಆರಿದ್ರ ಮುಗಿದು ಜಿಟಿಜಿಟಿ ಹಿಡಿದಾಗ ಆ ಕೋಣೆಗೆ ಇನ್ನೊಮ್ಮೆ ಹೋಗಿ ನಿಲ್ಲಿ. ಅಲ್ಲಿಯವರೆಗೆ ಕಾಯೋದಿಲ್ಲ ಅಂತ ಮಾಲೀಕರು ಹಟ ಹಿಡಿದರೆ ಬಿಡಿ.

ಪ್ರಶ್ನೆ: ಗದಗಿನಲ್ಲಿ ಹಳೆಯ ಮಣ್ಣಿನ ಮನೆ ಕೊಳ್ಳುತ್ತಿದ್ದೇವೆ. ಪಡಸಾಲೆಯಲ್ಲಿ ಬಹಳ ವರ್ಷದಿಂದ ಮುಚ್ಚಿದ ಹಗೇವು (ಕಾಳು ಇಡಲು ನೆಲದೊಳಗೆ ತೋಡಿದ ಗುಂಡಿ) ಇದೆ, ಸುತ್ತ ನೆಲ ತೇವ. ಆಳು ಇಳಿಸಿ ನೋಡಿ ಮುಚ್ಚಿಸಬಹುದೇ?
ಓದುಗ, ಗದಗ

ಉತ್ತರ: ಆಳು ಇಳಿಸಬೇಡಿ, ದಯವಿಟ್ಟು. ಮುಚ್ಚಿದ ಹಗೇವಿನಲ್ಲಿ ಕಾಳು, ಹುಲ್ಲು ಕೊಳೆತು ಉಸಿರಾಡುವ ಗಾಳಿಯೇ ಇರೋದಿಲ್ಲ, ಇಳಿದವರು ಕೂಗಲೂ ಆಗದೆ ಬೀಳುತ್ತಾರೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಇದೆ, ದೀಪ ಆರದಿದ್ದರೂ ನಂಬಿ ಇಳಿಯಬೇಡಿ. ಬಾಯಿ ತೆರೆದಿಟ್ಟು ಮೇಲಿನಿಂದಲೇ ಗರಸು ಸುರಿಸಿ, ಉದ್ದ ಕೋಲಿನಿಂದ ಪದರ ಪದರವಾಗಿ ಕುಟ್ಟಿಸಿ. ಎರೆಮಣ್ಣು ತುಂಬಬೇಡಿ, ನೀರು ಕುಡಿದರೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ, ಮೇಲೆ ಹಾಕಿದ ಶಹಾಬಾದ್ ಕಲ್ಲು ಎದ್ದುಬಿಡುತ್ತೆ.

ಆದರೆ ಕೊಳ್ಳುವ ಮೊದಲು ಒಂದು ಯೋಚಿಸಿ. ಜೋಳ ಇಡಲು ಹಿರಿಯರು ಒಣ ಜಾಗ ನೋಡಿಯೇ ಹಗೇವು ತೋಡಿದ್ದಾರೆ. ಈಗ ಅಲ್ಲಿ ತೇವ ಅಂದರೆ ಆ ನೀರು ಆಮೇಲೆ ಬಂದದ್ದು. ಓಣಿಯ ಗಟಾರ, ಹಿತ್ತಲ ಬಚ್ಚಲು, ಹೊಸ ನಳ ಇವು ಮೂರನ್ನು ಮೊದಲು ನೋಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದ್ದರೆ ತೇವ ಹೊರಹೋಗಲು ದಾರಿ ಇಲ್ಲದೆ ಒಳಗೇ ಮಣ್ಣು ಕರಗಿರಬಹುದು, ಒಂದೆರಡು ಕಡೆ ಕೆತ್ತಿಸಿ ನೋಡಿಯೇ ದರ ಮಾತಾಡಿ.