ಹಾರ್ಟಿ ಕಪ್ ಅಂದರೇನು, ಮೊದಲ ಸಲ ನೋಡುವವರು ಯಾವ ಪಂದ್ಯಕ್ಕೆ ಹೋಗಬೇಕು?

ಐರ್ಲೆಂಡಿನ ಲಿಮರಿಕ್‌ಗೆ ಬಂದು ತಿಂಗಳಾಯಿತು, ಮಗನ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಹಾರ್ಟಿ ಕಪ್ಪಿನದೇ ಮಾತು, ಇದೇನು ಅಂತ ಕೇಳಿದ್ದೀರಿ. ಮೊದಲ ವರ್ಷ ನಾನೂ ಹೀಗೇ ಕಣ್ಣು ಕಣ್ಣು ಬಿಟ್ಟಿದ್ದೆ.

ಮನ್‌ಸ್ಟರ್ ಪ್ರಾಂತ್ಯದ ಶಾಲೆಗಳು 1918ರಿಂದ ಆಡುತ್ತಿರುವ ಹರ್ಲಿಂಗ್ (ಕೋಲಿನಿಂದ ಚೆಂಡು ಹೊಡೆಯುವ ಐರಿಶ್ ಆಟ) ಪಂದ್ಯಾವಳಿ ಅದು. ಅಕ್ಟೋಬರ್ ಹೊತ್ತಿಗೆ ಗುಂಪಿನ ಪಂದ್ಯಗಳು, ಚಳಿ ಏರಿದ ಮೇಲೆ ನಾಕೌಟ್, ಫೆಬ್ರವರಿಯಲ್ಲಿ ಫೈನಲ್. ಆಮೇಲೆ ಅಖಿಲ ಐರ್ಲೆಂಡ್ ಮಟ್ಟದ ಕ್ರೋಕ್ ಕಪ್. ಅದು ಮುಗಿಯೋದು ಮಾರ್ಚ್‌ನಲ್ಲಿ, ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸಿಗೆ. ಅದನ್ನು ಅತಿ ಹೆಚ್ಚು ಸಲ ಗೆದ್ದಿರೋದು ಕಿಲ್ಕೆನ್ನಿಯ ಸೇಂಟ್ ಕೀರನ್ಸ್, ಹರ್ಲಿಂಗ್‌ನ ಹೆಸರಾಂತ ಆಟಗಾರ ಹೆನ್ರಿ ಶೆಫ್ಲಿನ್ ಓದಿದ ಶಾಲೆ. ಇಲ್ಲಿ ಹಾರ್ಟಿ ಪದಕಕ್ಕೆ ಎಷ್ಟು ಬೆಲೆ ಅಂದರೆ, ಮುಂದೆ ದೇಶದ ಪ್ರಧಾನಿಯಾದ ಜ್ಯಾಕ್ ಲಿಂಚ್ ಕಾರ್ಕ್‌ನ ನಾರ್ತ್ ಮಾನ್ ಶಾಲೆಯಲ್ಲಿದ್ದಾಗ ಅದನ್ನು ಗೆದ್ದಿದ್ದನ್ನು ಜನ ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಹೋಗೋ ಮುಂಚೆ ಸ್ಕೋರ್ ಓದೋದು ಕಲಿತುಕೊಳ್ಳಿ. ಗೋಲುಕಂಬ 'H' ಆಕಾರದ್ದು. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ 3 ಪಾಯಿಂಟ್. ಪಟ್ಟಿಯ ಮೇಲಿಂದ ದಾಟಿದರೆ 1. ಬೋರ್ಡಿನಲ್ಲಿ ಮಾತ್ರ ಎರಡನ್ನೂ ಕೂಡಿಸದೆ ಬೇರೆ ಬೇರೆ ಬರೀತಾರೆ. ನಾನು ನೋಡಿದ ಮೊದಲ ಪಂದ್ಯದಲ್ಲಿ 3-9 ಎದುರು 0-19 ಅಂತಿತ್ತು. ಮೂರು ಗೋಲು ಹೊಡೆದವರೇ ಗೆದ್ದರು ಅಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದೆ. ಲೆಕ್ಕ ಹಾಕಿ: 18ಕ್ಕೆ 19. ಸೋತ ಹುಡುಗರ ಅಪ್ಪಂದಿರ ಮಧ್ಯೆ ನಿಂತು ಮಾಡಿದ ಕೆಲಸ ಅದು!

ಫೈನಲ್‌ಗೆ ಕಾಯಬೇಡಿ. ಗುಂಪಿನ ಪಂದ್ಯಕ್ಕೇ ಹೋಗಿ, ಒಂದು ದಿನ ರಜೆ ಹಾಕಬೇಕಾದರೂ ಸರಿ, ಯಾಕಂದರೆ ಎಷ್ಟೋ ಪಂದ್ಯ ವಾರದ ನಡುವೆ ಹಗಲಲ್ಲೇ ನಡೆಯುತ್ತವೆ. ಕಾರ್ಕ್ ಶಾಲೆಗೂ ಲಿಮರಿಕ್ ಶಾಲೆಗೂ ಬಿದ್ದರೆ ಮಧ್ಯದಲ್ಲಿರುವ ಮ್ಯಾಲೋ ಥರದ ಊರಲ್ಲಿ ಆಡಿಸುತ್ತಾರೆ. ಗೆರೆಯ ಪಕ್ಕದಲ್ಲೇ ನಿಲ್ಲಬಹುದು. ಎರಡು ಹರ್ಲಿ (ಆಟದ ಕೋಲು) ಡಿಕ್ಕಿ ಹೊಡೆದಾಗ ಆ್ಯಶ್ ಮರದ ಚಟಾರ್ ಸದ್ದು ಎದೆಗೇ ಬಡಿಯುತ್ತೆ; ಟಿವಿಯಲ್ಲಿ ಅದು ಸಿಗೋದಿಲ್ಲ. ಕೋಲು ತಲೆಯೆತ್ತರಕ್ಕೆ ಬೀಸೋದು ನೋಡಿ ನಿಮ್ಮ ಮನೆಯವರು ಹೆದರಬಹುದು. 2010ರಿಂದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಅಂತ ಮೊದಲೇ ಹೇಳಿಡಿ.

ಮಗ ಖಂಡಿತ ಹರ್ಲಿ ಬೇಕು ಅಂತಾನೆ. ಅಂಗಡಿಗೆ ಅವನನ್ನೇ ಕರೆದುಕೊಂಡು ಹೋಗಿ, ಎತ್ತರಕ್ಕೆ ತಕ್ಕ ಇಂಚಿನದ್ದು ಕೊಡಿಸಿ. ಹೇಗೂ ಬೆಳೀತಾನಲ್ಲ ಅಂತ ನಾನು ಯೂನಿಫಾರ್ಮ್ ಲೆಕ್ಕದಲ್ಲಿ ದೊಡ್ಡದು ತಂದೆ. ಅದು ಎರಡು ವರ್ಷ ಬಾಗಿಲ ಹಿಂದೆ ನಿಂತಿತ್ತು.