ರಿಸೀವರ್‌ಗೆ ಮೂರೇ ವಾಕ್ಯವಾ?

ಪ್ರಿಯ ಮಿತ್ರರೇ,

ಪೊನ್ನಂಪೇಟೆಯಿಂದ ನೀವು ಕಳಿಸಿದ ‘ಜಿಗಿಯುವ ರೇಡಿಯೊ’ ಲೇಖನ ಓದಿದೆ. ಫ್ರೀಕ್ವೆನ್ಸಿ ಬದಲಿಸುತ್ತ ಜಿಗಿಯುವ ಸಿಗ್ನಲನ್ನು ಕಡಿಮೆ ಸ್ಯಾಂಪಲ್‌ನಲ್ಲೇ, ಅಂದರೆ ಕಡಿಮೆ ಸಲ ಅಳೆದೇ, ರಿಸೀವರ್ ಹಿಡಿಯುವುದು ಹೇಗೆ ಅನ್ನುವ ವಿಷಯ ಹೊಸದು, ಭಾಷೆ ತಿಳಿಯಾಗಿದೆ. ಆದರೂ ವಾಪಸ್ ಕಳಿಸುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ನಟಿ ಹೆಡಿ ಲಮಾರ್. ಆಕೆಗೂ ಸಂಗೀತಗಾರ ಜಾರ್ಜ್ ಆಂಥೈಲ್‌ಗೂ ಹೀಗೆ ಜಿಗಿಯುವ ರೇಡಿಯೊಗೆ 1942ರಲ್ಲಿ ಪೇಟೆಂಟ್ ಸಿಕ್ಕಿತು, ನಿಜ. ಆದರೆ ಅದು ಸಿಗ್ನಲ್ ಅಡಗಿಸುವವರ ಕಥೆ. ನೀವು ಹೇಳಹೊರಟದ್ದು ಅದನ್ನು ಹಿಡಿಯುವವರ ಕಥೆ ಅಲ್ವಾ? ಹಿಡಿಯುವ ರಿಸೀವರ್‌ಗೆ ಸಿಕ್ಕಿದ್ದು ಮೂರೇ ವಾಕ್ಯ.

“ಬ್ಲೂಟೂತ್ ಅತಿ ವೇಗವಾಗಿ ಫ್ರೀಕ್ವೆನ್ಸಿ ಬದಲಿಸುತ್ತದೆ.” ಅತಿ ವೇಗ ಅಂದ್ರೆ ಎಷ್ಟು? ಕ್ಲಾಸಿಕ್ ಬ್ಲೂಟೂತ್ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, 1 ಮೆಗಾಹರ್ಟ್ಸ್ ಅಗಲದ 79 ಚಾನೆಲ್‌ಗಳಲ್ಲಿ. ಯಾವುದೇ ಕ್ಷಣದಲ್ಲಿ ಅದು ಇರುವುದು ಒಂದರಲ್ಲಿ, ಉಳಿದದ್ದು ಖಾಲಿ. ನಿಮ್ಮ ಇಡೀ ವಿಷಯ ನಿಂತಿರುವುದೇ ಆ ಖಾಲಿ ಜಾಗದ ಮೇಲೆ. ಅದನ್ನೇ ಬಿಟ್ಟಿದ್ದೀರಿ.

“ಹಳೆಯ ವಿಧಾನದಲ್ಲಿ ಇದು ಕಷ್ಟ.” ಯಾಕೆ ಕಷ್ಟ? ಜಿಗಿತದ ಕ್ರಮ ಗೊತ್ತಿರುವ ಇಯರ್‌ಫೋನ್‌ಗೆ ಏನೂ ಕಷ್ಟವಿಲ್ಲ. ಹೊರಗಿನಿಂದ ಹುಡುಕುವವನು ಮಾತ್ರ ಸುಮಾರು 80 ಮೆಗಾಹರ್ಟ್ಸ್ ಪೂರ್ತಿ ಕಾಯಬೇಕು. ಏನೂ ತಪ್ಪಿಹೋಗದಿರಲು ಆ ಅಗಲದ ಎರಡರಷ್ಟು ಸಲ ಅಳೆಯಬೇಕು ಅನ್ನುತ್ತದೆ ನೈಕ್ವಿಸ್ಟ್ ನಿಯಮ, ಅಂದರೆ ಸೆಕೆಂಡಿಗೆ 16 ಕೋಟಿ ಸ್ಯಾಂಪಲ್.

“ಆಧುನಿಕ ತಂತ್ರಜ್ಞಾನದ ನೆರವಿನಿಂದ ಕಡಿಮೆ ಸ್ಯಾಂಪಲ್‌ನಲ್ಲೇ ಸಿಗ್ನಲ್ ಪತ್ತೆಯಾಗುತ್ತದೆ.” ಸಿಟ್ಟು ಬಂದದ್ದು ಇಲ್ಲೇ. ಯಾವ ತಂತ್ರಜ್ಞಾನ ಸ್ವಾಮಿ? ಸಂಶೋಧಕರಾದ ಮಿಶಾಲಿ ಮತ್ತು ಎಲ್ಡಾರ್ 2010ರಲ್ಲಿ ವಿವರಿಸಿದ ರಿಸೀವರನ್ನೇ ತಗೊಳ್ಳಿ. ಬಂದ ಸಿಗ್ನಲ್ ಹಲವು ಕವಲಿಗೆ ಹೋಗುತ್ತದೆ. ಪ್ರತಿ ಕವಲೂ ಅದನ್ನು ತನ್ನದೇ ಆದ +1, −1 ಸರಣಿಯಿಂದ ಗುಣಿಸುತ್ತದೆ. ಆಗ ಎಲ್ಲ ಚಾನೆಲ್‌ಗಳೂ ಕಡಿಮೆ ಫ್ರೀಕ್ವೆನ್ಸಿಗೆ ಇಳಿದು ಒಂದರ ಮೇಲೊಂದು ಬೀಳುತ್ತವೆ, ಕವಲಿಗೊಂದು ಪ್ರಮಾಣದಲ್ಲಿ. ಫಿಲ್ಟರ್ ಮಾಡಿ ನಿಧಾನಕ್ಕೆ ಸ್ಯಾಂಪಲ್ ತೆಗೆದರೆ ಸಾಕು. ಕಲಸಿಹೋದದ್ದನ್ನು ಬಿಡಿಸೋದು ಹೇಗೆ? ನೂರು ಕಾಫಿ ಮೂಟೆಯಲ್ಲಿ ಒಂದು ಮಾತ್ರ ಜಾಸ್ತಿ ತೂಕ ಅಂದುಕೊಳ್ಳಿ. ಬೇರೆ ಬೇರೆ ಗುಂಪು ಮಾಡಿ ಏಳೆಂಟು ಸಲ ತೂಗಿದರೆ ಯಾವುದೆಂದು ಗೊತ್ತಾಗುತ್ತದೆ. ಅರ್ಧಕ್ಕರ್ಧ ಮೂಟೆ ಹಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಇಲ್ಲೂ ಅಷ್ಟೇ, ಬಹುಪಾಲು ಚಾನೆಲ್ ಖಾಲಿ ಇರಲೇಬೇಕು.

ಇದೇನು ಪುಕ್ಕಟೆ ಸಿಗುವುದಿಲ್ಲ. ಎಲ್ಲ ಚಾನೆಲ್‌ಗಳ ನಾಯ್ಸೂ (ಬೇಡದ ಗದ್ದಲ) ಜೊತೆಗೇ ಬಂದು ಬೀಳುತ್ತದೆ, ದುರ್ಬಲ ಸಿಗ್ನಲ್ ಅದರಲ್ಲಿ ಮುಳುಗುತ್ತದೆ. ನಿಮ್ಮ ಲೇಖನ ಓದಿದವರಿಗೆ ಎಲ್ಲ ಲಾಭವೇ ಅನ್ನಿಸುತ್ತದೆ.

ಕಾಫಿ ಅಂದೆ, ನೆನಪಾಯಿತು. ಮಡಿಕೇರಿಯಲ್ಲಿ ನಾನು ಡೆಸ್ಕ್ ಕೆಲಸ ಕಲಿಯುವಾಗ ಹಿರಿಯರೊಬ್ಬರಿದ್ದರು. ‘ಕಾಫಿ ಬೆಲೆ ಗಗನಕ್ಕೆ’ ಅಂತ ಯಾರಾದರೂ ಬರೆದು ತಂದರೆ ಕನ್ನಡಕ ಹಣೆಗೇರಿಸಿ ಕೇಳೋರು: “ಅರೇಬಿಕಾ ಪಾರ್ಚ್‌ಮೆಂಟಾ, ರೋಬಸ್ಟಾ ಚೆರಿಯಾ? 50 ಕೆಜಿ ಮೂಟೆಗೆ ಎಷ್ಟು? ಯಾರು ಕೊಂಡರು?” ಉತ್ತರವಿಲ್ಲದಿದ್ದರೆ ಹಾಳೆ ಮೇಜಿನ ಆ ಕಡೆಗೆ ಸರಿಯುತ್ತಿತ್ತು. ಬೈಗುಳವಿಲ್ಲ, ಏನಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿದ ಸದ್ದು ಅಷ್ಟೇ. ಆ ಸದ್ದಿಗೆ ಹೆದರಿಯೇ ನಾವೆಲ್ಲ ಬರೆಯೋದು ಕಲಿತದ್ದು.

ಲಮಾರ್‌ಗೆ ನಾಲ್ಕು ಸಾಲು ಸಾಕು. ರಿಸೀವರ್‌ಗೆ ಎರಡು ಪುಟ ಕೊಡಿ. ಕವಲುಗಳ ಚಿತ್ರ ಕೈಯಲ್ಲೇ ಗೀಚಿ ಕಳಿಸಿ, ನಮ್ಮವರು ತಿದ್ದಿಕೊಳ್ಳುತ್ತಾರೆ. ಮಳೆ ಹಿಡಿದರೆ ಇಲ್ಲಿಯ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ, ಅದಕ್ಕೂ ಮೊದಲೇ ಕಳಿಸಿ.

ಇತಿ,
ಸಂಪಾದಕ